ಬೋರ್ ಘಾಟ್ ಹತ್ತಿದ ಮೇಲೆ ಏನು? ಯೆನ್ಸ್ ಫೋಗ್ಟ್ ಕಲಿಸುವ ಲೆಕ್ಕ

ಮುಂಬೈ–ಪುಣೆ ಸೈಕಲ್ ರೇಸಿನಲ್ಲಿ ಖೋಪೋಲಿ ಬಿಟ್ಟು ಬೋರ್ ಘಾಟನ್ನು ಎಲ್ಲರಿಗಿಂತ ಮೊದಲು ಹತ್ತಿದವನಿಗೆ ‘ಘಾಟಾಚಾ ರಾಜಾ’ ಎಂಬ ಬಿರುದಿದೆ. ಫೋಟೋ ಅವನದೇ, ಚಪ್ಪಾಳೆಯೂ ಅವನಿಗೇ. ಆದರೆ ಲೋಣಾವಳಾ ಮುಟ್ಟಿದಾಗ ಪುಣೆ ಇನ್ನೂ 60 ಕಿ.ಮೀ.ಗೂ ಹೆಚ್ಚು ದೂರ ಇರುತ್ತದೆ. ಕಾರ್ಲಾ, ಕಾಮಶೇತ್, ವಡಗಾಂವ್, ತಳೇಗಾಂವ್, ದೇಹೂ ರೋಡ್, ನಿಗಡಿ ಎಂದು ಉದ್ದಕ್ಕೆ ಹೆಚ್ಚುಕಮ್ಮಿ ಸಪಾಟು ರಸ್ತೆ. ಒಂಟಿಯಾಗಿ ಮುಂದೆ ಇರುವವನನ್ನು ಹಿಂದಿನ ಗುಂಪು ನುಂಗಿಹಾಕಲು ಇದಕ್ಕಿಂತ ಒಳ್ಳೆಯ ಜಾಗ ಬೇಕಿಲ್ಲ. ನಮ್ಮ ವಿಜಯಪುರ, ಬಾಗಲಕೋಟೆ ಕಡೆಯಿಂದ ರೇಸಿಗೆ ಬರುವ ಹುಡುಗರಿಗೆ ಕಾಲಿನ ತಾಕತ್ತು ಧಾರಾಳವಾಗಿದೆ. ಹತ್ತಿದ ಮೇಲೆ ಏನು ಮಾಡಬೇಕು ಎಂಬ ಲೆಕ್ಕವನ್ನು ಹೇಳಿಕೊಡುವವರು ಕಡಿಮೆ. ಆ ಲೆಕ್ಕಕ್ಕೆ ಜರ್ಮನಿಯ ಯೆನ್ಸ್ ಫೋಗ್ಟ್‌ನ ಹದಿನೆಂಟು ವರ್ಷದ ವೃತ್ತಿಜೀವನಕ್ಕಿಂತ ಒಳ್ಳೆಯ ಪಾಠ ನನಗೆ ಕಾಣುವುದಿಲ್ಲ. ಇಂಗ್ಲಿಷ್ ಕಾಮೆಂಟರಿಯಲ್ಲಿ ‘ಜೆನ್ಸ್ ವಾಯ್ಟ್’ ಎಂದು ಕೇಳಿದ್ದರೆ ಅವನೇ ಇವನು.

ಟೂರ್ ಡಿ ಫ್ರಾನ್ಸ್ ಗೆದ್ದ ಜರ್ಮನ್ ಯಾನ್ ಉಲ್ರಿಚ್‌ನನ್ನು ಬಿಟ್ಟು ಇವನನ್ನೇ ಏಕೆ ಎತ್ತಿಕೊಂಡೆ ಎಂದರೆ, ಉಲ್ರಿಚ್‌ನ ದೇಹ ನಮಗೆ ಬರುವುದಿಲ್ಲ. ಅದೇ ದೇಶದ ತ್ಸಾಬೆಲ್ ಅಥವಾ ಕಿಟ್ಟೆಲ್‌ನ ಸ್ಪ್ರಿಂಟ್ (ಗೆರೆಯ ಹತ್ತಿರದ ಕೊನೆಯ ಸಿಡಿತ) ಕೂಡ ಹುಟ್ಟಿನಿಂದ ಬಂದದ್ದು. ಫೋಗ್ಟ್ ಎತ್ತರದ ಆಳು, ಸುಮಾರು 1.90 ಮೀಟರ್, ತೂಕ 76 ಕೆ.ಜಿ. ಆಸುಪಾಸು. ದೊಡ್ಡ ಪರ್ವತ ಹತ್ತುವ ಹಗುರ ಮೈ ಅಲ್ಲ, ಕೊನೆಯ 200 ಮೀಟರ್‌ನಲ್ಲಿ ಸಿಡಿಯುವ ಸ್ನಾಯುವೂ ಅಲ್ಲ. ಗುಂಪಿನೊಂದಿಗೆ ಗೆರೆಯವರೆಗೆ ಬಂದರೆ ಸೋಲು ಖಚಿತ. ಹಾಗಾಗಿ ಗೆಲ್ಲಬೇಕೆಂದರೆ ಗುಂಪಿಗಿಂತ ಮುಂಚೆಯೇ ಹೊರಬೀಳಬೇಕು. ಬೇರೆ ದಾರಿಯೇ ಇರಲಿಲ್ಲ.

ಹುಟ್ಟಿದ್ದು 1971ರ ಸೆಪ್ಟೆಂಬರ್ 17ರಂದು, ಆಗಿನ ಪೂರ್ವ ಜರ್ಮನಿಯ ಗ್ರೇವೆಸ್‌ಮ್ಯೂಲೆನ್‌ನಲ್ಲಿ. ಸರ್ಕಾರಿ ಕ್ರೀಡಾಶಾಲೆಯಲ್ಲಿ ತಯಾರಾದ ಹುಡುಗ. ಬರ್ಲಿನ್ ಗೋಡೆ ಬಿದ್ದಾಗ 18 ತುಂಬಿತ್ತು. 1994ರಲ್ಲಿ ‘ಶಾಂತಿ ರೇಸ್’ ಗೆದ್ದ. ಪೂರ್ವ ಯುರೋಪಿನವರ ಪಾಲಿಗೆ ಅದೇ ಅವರ ಟೂರ್ ಡಿ ಫ್ರಾನ್ಸ್. ಇಷ್ಟಾದರೂ ವೃತ್ತಿಪರ ತಂಡ ಸಿಕ್ಕಿದ್ದು 1997ರಲ್ಲಿ, 25 ದಾಟಿದ ಮೇಲೆ. ಮರುವರ್ಷ ಫ್ರಾನ್ಸಿನ ಗಾನ್ ತಂಡ. ಅದೇ ಮುಂದೆ ಕ್ರೆದಿ ಅಗ್ರಿಕೋಲ್ ಆಯಿತು. ಅಲ್ಲಿ 2003ರ ತನಕ, 2004ರಿಂದ ಡೆನ್ಮಾರ್ಕಿನ ಸಿಎಸ್‌ಸಿ (ಮುಂದೆ ಸ್ಯಾಕ್ಸೊ ಬ್ಯಾಂಕ್), 2011ರಿಂದ ಲೆಪರ್ಡ್ ಮತ್ತು ಟ್ರೆಕ್ ಹೆಸರಿನ ತಂಡಗಳು. 17 ಸಲ ಟೂರ್ ಡಿ ಫ್ರಾನ್ಸ್ ಆರಂಭಿಸಿದ. ನಿವೃತ್ತಿ 2014ರಲ್ಲಿ, 43ನೇ ವಯಸ್ಸಿಗೆ.

ಗಾಳಿಯ ಲೆಕ್ಕ

ಬ್ರೇಕ್‌ಅವೇ, ಅಂದರೆ ಗುಂಪು ಬಿಟ್ಟು ಮುಂದೆ ಓಡಿಹೋಗುವುದು, ಎಂದರೆ ಧೈರ್ಯ, ಹುಚ್ಚು ಎಂದೆಲ್ಲ ಬರೆಯುತ್ತಾರೆ. ನನ್ನ ಮಟ್ಟಿಗೆ ಅದು ಮೊದಲು ಗಾಳಿಯ ಲೆಕ್ಕ. ಸಪಾಟು ರಸ್ತೆಯಲ್ಲಿ 42 ಕಿ.ಮೀ. ವೇಗಕ್ಕೆ ಮುಂದಿರುವವನಿಗೆ 350 ವ್ಯಾಟ್ ಬೇಕು ಎಂದುಕೊಳ್ಳಿ. ಅವನ ಚಕ್ರದ ಹಿಂದೆ ಅಂಟಿಕೊಂಡವನಿಗೆ ಸುಮಾರು ಶೇ. 30 ಉಳಿತಾಯ, ಅಂದರೆ 245 ವ್ಯಾಟ್ ಸಾಕು. ಇಬ್ಬರು ಸಮಸಮ ಎಳೆದರೆ ತಲಾ ಸರಾಸರಿ 297. ಐವರಾದರೆ 266. ಒಂಟಿ ಸವಾರ 350ರಲ್ಲೇ ಸುಡುತ್ತಿರಬೇಕು. ಒಬ್ಬನಿಂದ ಇಬ್ಬರಾದಾಗ 53 ವ್ಯಾಟ್ ಲಾಭ, ಇಬ್ಬರಿಂದ ಐವರಾದಾಗ ಸಿಗುವುದು 31 ಮಾತ್ರ. ಆದ್ದರಿಂದ ಮೊದಲ ಜೊತೆಗಾರನ ಬೆಲೆ ಎಲ್ಲಕ್ಕಿಂತ ಹೆಚ್ಚು. ಹತ್ತು ಜನ ಸೇರಿದರೆ ಲಾಭ ಇನ್ನೂ ಹೆಚ್ಚಬೇಕು ಎನಿಸುತ್ತದೆ, ನಿಜವಾಗಿ ಹಾಗಾಗುವುದಿಲ್ಲ. ನಾಲ್ಕು ಜನ ಎಳೆಯದೆ ಹಿಂದೆ ಕೂರುತ್ತಾರೆ, ಉಳಿದವರು ಸಿಟ್ಟಾಗುತ್ತಾರೆ, ಸಾಲು ಒಡೆಯುತ್ತದೆ. ಮೂವರಿಂದ ಆರು ಜನರ ಗುಂಪು ಕೆಲಸಕ್ಕೆ ಬರುತ್ತದೆ.

ಇನ್ನೊಂದು ಲೆಕ್ಕ ಫ್ರೆಂಚ್ ಕಾಮೆಂಟೇಟರ್ ರಾಬೇರ್ ಶಪಾತ್‌ನ ಹೆಸರಿನಲ್ಲಿ ಓಡಾಡುತ್ತದೆ: ಪಣ ತೊಟ್ಟು ಬೆನ್ನಟ್ಟುವ ಗುಂಪು ಪ್ರತಿ 10 ಕಿ.ಮೀ.ಗೆ ಒಂದು ನಿಮಿಷ ಹಿಂತಿರುಗಿ ಗಳಿಸುತ್ತದೆ. ಇದು ಬರೀ ಹೇಳಿಕೆಯಲ್ಲ, ಕೂಡಿ ಕಳೆದು ನೋಡಬಹುದು. ಮುಂದಿನವರು 42ರಲ್ಲಿ ಹೋದರೆ 10 ಕಿ.ಮೀ.ಗೆ 14 ನಿಮಿಷ 17 ಸೆಕೆಂಡ್. ಗುಂಪು 45ರಲ್ಲಿ ಬಂದರೆ 13 ನಿಮಿಷ 20 ಸೆಕೆಂಡ್. ವ್ಯತ್ಯಾಸ 57 ಸೆಕೆಂಡ್.

ಈಗ ಇದನ್ನು ಬೋರ್ ಘಾಟ್‌ಗೆ ಹಾಕಿ. ಖೋಪೋಲಿಯಿಂದ ಲೋಣಾವಳಾಕ್ಕೆ ಎತ್ತರದ ವ್ಯತ್ಯಾಸ ಸುಮಾರು 550 ಮೀಟರ್. ಗಂಟೆಗೆ 1,000 ಮೀಟರ್ ಎತ್ತರ ಏರುವ ಗುಂಪಿಗೆ 33 ನಿಮಿಷ. ಗಂಟೆಗೆ 1,200 ಮೀಟರ್ ಏರುವವನಿಗೆ ಇಪ್ಪತ್ತೇಳೂವರೆ. ಅಂದರೆ ಗುಂಪಿಗಿಂತ ಶೇ. 20 ಬಲಶಾಲಿಯಾದವನಿಗೂ ಸಿಗುವುದು ಐದೂವರೆ ನಿಮಿಷ. ಶಪಾತ್ ಲೆಕ್ಕದಲ್ಲಿ 60 ಕಿ.ಮೀ.ಗೆ ಬೇಕಾದದ್ದು ಆರು. ಪುಣೆ ಹತ್ತಿರವಾಗುವ ಹೊತ್ತಿಗೆ ಹಿಂದೆ ಗುಂಪು ಕಾಣತೊಡಗುತ್ತದೆ, ಸುಮಾರು 55ನೇ ಕಿ.ಮೀ.ನಲ್ಲಿ ಆಟ ಮುಗಿಯುತ್ತದೆ. ಇಷ್ಟೂ ಆ ಗುಂಪು ಒಟ್ಟಾಗಿ ಬೆನ್ನಟ್ಟಿದರೆ ಮಾತ್ರ. ಅದು ಒಟ್ಟಾಗುತ್ತದೋ ಇಲ್ಲವೋ ಎಂಬುದೇ ಫೋಗ್ಟ್‌ನ ಇಡೀ ವಿದ್ಯೆ.

ಹಾಗಾದರೆ ಘಾಟ್‌ನ ತುದಿಯಲ್ಲಿ ಮಾಡಬೇಕಾದದ್ದು ಇಷ್ಟು. ಶಿಂಗ್ರೋಬಾ ಗುಡಿಯ ಏರಿನಲ್ಲಿ ಎಲ್ಲ ಸುರಿಯಬೇಡಿ. ಶೇ. 5ರಷ್ಟು ಹಿಡಿದಿಟ್ಟುಕೊಂಡು ಮೇಲೆ ಬನ್ನಿ. ಹಿಂದೆ 30–40 ಸೆಕೆಂಡಿನಲ್ಲಿ ಇಬ್ಬರೋ ಮೂವರೋ ಬರುತ್ತಿದ್ದರೆ ಕಾಯಿರಿ. ಕಾಯುವುದೆಂದರೆ ನಿಲ್ಲುವುದಲ್ಲ, ಹಗುರ ಗೇರಿನಲ್ಲಿ ಕಾಲು ತಿರುಗಿಸುತ್ತ ತಿನ್ನುವುದು, ಕುಡಿಯುವುದು. ಅವರು ಬಂದು ಸೇರಿದ ಕೂಡಲೇ ಸಾಲು ಕಟ್ಟಿ. ಒಬ್ಬೊಬ್ಬರು 20ರಿಂದ 30 ಸೆಕೆಂಡ್ ಮುಂದೆ. ಮುಂದೆ ಬಂದವನು ವೇಗ ಏರಿಸಬಾರದು, ಇದ್ದ ವೇಗವನ್ನೇ ಹಿಡಿಯಬೇಕು. ಹೆಚ್ಚಿನ ಸಾಲು ಒಡೆಯುವುದು ಇಲ್ಲೇ: ತನ್ನ ಸರದಿ ಬಂದಾಗ ಉತ್ಸಾಹದಲ್ಲಿ 2 ಕಿ.ಮೀ. ಏರಿಸುತ್ತಾನೆ, ಆಗಷ್ಟೇ ಎಳೆದು ಹಿಂದೆ ಸರಿದವನು ಕೊನೆಯ ಚಕ್ರ ಹಿಡಿಯಲಾಗದೆ ಬಿದ್ದುಹೋಗುತ್ತಾನೆ. ಸುಸ್ತಾದವನು ಸರದಿ ತಪ್ಪಿಸಬೇಕಿಲ್ಲ. 10 ಸೆಕೆಂಡ್ ಎಳೆದು ಪಕ್ಕಕ್ಕೆ ಬಂದರೂ ಸಾಲು ಉಳಿಯುತ್ತದೆ. ಪಕ್ಕಕ್ಕೆ ಸರಿಯುವುದು ಗಾಳಿ ಬರುವ ಕಡೆಗೆ. ಆಗ ಮೇಲೆ ಬರುವವನಿಗೆ ಮರೆ ಸಿಗುತ್ತದೆ.

ಗಾಳಿ ಹಿಂದಿನಿಂದ ಬೀಸಿದರೆ ಲೆಕ್ಕ ಓಡಿಹೋದವನ ಕಡೆಗೆ ವಾಲುತ್ತದೆ, ಏಕೆಂದರೆ ಗುಂಪಿನೊಳಗಿನ ಮರೆಯ ಲಾಭ ಕುಗ್ಗುತ್ತದೆ. ಮಳೆಗಾಲದ ಪಡುವಣ ಗಾಳಿ ಲೋಣಾವಳಾದಿಂದ ಪುಣೆಯತ್ತ ತಳ್ಳುತ್ತದೆ. ಜುಲೈ–ಆಗಸ್ಟ್‌ನಲ್ಲಿ ಆ ರಸ್ತೆ ಓಡಿಸುವವರು ಇದನ್ನು ನೆನಪಿಡಬಹುದು, ಒದ್ದೆ ಡಾಂಬರಿನ ಜೊತೆಗೆ.

ಮೊಂತೆಲಿಮಾರ್, 2006

ಗುಂಪು ಬೆನ್ನಟ್ಟದೇ ಇರುವ ದಿನ ಯಾವುದು ಎಂದು ಓದುವುದಕ್ಕೆ 2006ರ ಜುಲೈ 15ರಷ್ಟು ಸ್ಪಷ್ಟ ಉದಾಹರಣೆ ಇನ್ನೊಂದಿಲ್ಲ. ಟೂರ್‌ನ 13ನೇ ಹಂತ, ಬೆಜಿಯೇನಿಂದ ಮೊಂತೆಲಿಮಾರ್‌ಗೆ 230 ಕಿ.ಮೀ., ಆ ವರ್ಷದ ಅತಿ ಉದ್ದದ ಹಂತ, ಸುಡು ಬಿಸಿಲು. ಪಿರಿನೀಸ್ ಪರ್ವತ ಮುಗಿದಿತ್ತು, ಆಲ್ಪ್ಸ್ ಇನ್ನೂ ಬಂದಿರಲಿಲ್ಲ. ಒಟ್ಟು ಸಮಯದಲ್ಲಿ ಮುಂದಿರುವವನು ತೊಡುವ ಹಳದಿ ಜೆರ್ಸಿ ಫೋನಾಕ್ ತಂಡದ ಫ್ಲಾಯ್ಡ್ ಲ್ಯಾಂಡಿಸ್ ಮೈಮೇಲಿತ್ತು. ಹಳದಿ ಜೆರ್ಸಿಯೆಂದರೆ ಮರ್ಯಾದೆಯ ಜೊತೆಗೆ ಕೂಲಿಯೂ ಹೌದು. ಆ ತಂಡದವರೇ ಇಡೀ ದಿನ ಮುಂದೆ ನಿಂತು ಗಾಳಿ ಸೀಳಬೇಕು. ಸಂಜೆ ವೇದಿಕೆ, ಪತ್ರಕರ್ತರು ಎಂದು ನಾಯಕ ಹೋಟೆಲು ಸೇರುವುದೂ ತಡ. ಆಲ್ಪ್ಸ್‌ಗೆ ಮುಂಚೆ ಅದನ್ನು ಕೆಲ ದಿನ ಬೇರೆ ಯಾರಾದರೂ ಹೊತ್ತುಕೊಳ್ಳಲಿ ಎಂದು ಫೋನಾಕ್ ಬಯಸಿತು.

ಐವರು ಹೊರಬಿದ್ದರು: ಫೋಗ್ಟ್, ಸ್ಪೇನಿನ ಆಸ್ಕರ್ ಪೆರೇರೊ, ಫ್ರಾನ್ಸಿನ ಸಿಲ್ವೆಂ ಶವನೆಲ್, ಇಟಲಿಯ ಮ್ಯಾನುಯೆಲ್ ಕ್ವಿಂಜಿಯಾತೊ, ಉಕ್ರೇನಿನ ಆಂದ್ರಿ ಗ್ರಿವ್ಕೊ. ಐದೂ ಬೇರೆ ಬೇರೆ ತಂಡ, ಅಂದರೆ ಐದು ತಂಡಗಳಿಗೆ ಹಿಂದೆ ಬೆನ್ನಟ್ಟುವ ಗರಜಿಲ್ಲ. ಐವರಲ್ಲಿ ಒಟ್ಟು ಸಮಯದ ಪಟ್ಟಿಯಲ್ಲಿ ಎಲ್ಲರಿಗಿಂತ ಮೇಲಿದ್ದ ಪೆರೇರೊ ಲ್ಯಾಂಡಿಸ್‌ಗಿಂತ 28 ನಿಮಿಷ 50 ಸೆಕೆಂಡ್ ಹಿಂದಿದ್ದ. ಅಪಾಯವಿಲ್ಲ ಎಂದು ಗುಂಪು ಕೈಬಿಟ್ಟಿತು. ಅಂತರ 10 ನಿಮಿಷವಾಯಿತು, 20 ಆಯಿತು. ಸ್ಪ್ರಿಂಟರ್‌ಗಳ ತಂಡಗಳೂ ಬಿಸಿಲಿಗೆ ಕೈಚೆಲ್ಲಿದವು. ಕೊನೆಗೆ ಗುಂಪು ಗೆರೆ ದಾಟಿದ್ದು 29 ನಿಮಿಷ 57 ಸೆಕೆಂಡ್ ತಡವಾಗಿ. ಮೊದಲು ಬಂದವರ ಸಮಯದಿಂದ ಕಳೆಯುವ ಬೋನಸ್ ಸೆಕೆಂಡುಗಳೂ ಸೇರಿ ಪೆರೇರೊಗೆ 1 ನಿಮಿಷ 29 ಸೆಕೆಂಡಿನ ಮುನ್ನಡೆ ಮತ್ತು ಹಳದಿ ಜೆರ್ಸಿ. ಹಂತ ಗೆದ್ದವನು ಫೋಗ್ಟ್. ಕೊನೆಯಲ್ಲಿ ಉಳಿದ ಇಬ್ಬರ ಸ್ಪ್ರಿಂಟಿನಲ್ಲಿ ಪೆರೇರೊನನ್ನು ಹಿಂದೆ ಹಾಕಿದ.

ಇಲ್ಲಿ ಇಬ್ಬರ ಗುರಿ ಬೇರೆಯಾಗಿದ್ದುದೇ ಕೀಲಿ. ಪೆರೇರೊಗೆ ಪ್ರತಿ ಸೆಕೆಂಡೂ ಬೇಕು, ಆದ್ದರಿಂದ ಅವನು ಕೊನೆಯವರೆಗೂ ಎಳೆಯಲೇಬೇಕು. ಫೋಗ್ಟ್‌ಗೆ ಬೇಕಾದದ್ದು ಗೆರೆ ಮಾತ್ರ. ಜೊತೆಗಾರನ ಗುರಿ ನಿಮ್ಮದಕ್ಕಿಂತ ಬೇರೆಯಾಗಿದ್ದರೆ ಅವನು ಒಳ್ಳೆಯ ಜೊತೆಗಾರ. ಇಬ್ಬರಿಗೂ ಅದೇ ಗೆರೆ ಬೇಕಾದರೆ ಕೊನೆಯ 2 ಕಿ.ಮೀ.ನಲ್ಲಿ ಒಬ್ಬರನ್ನೊಬ್ಬರು ನೋಡುತ್ತ ನಿಧಾನವಾಗುತ್ತಾರೆ, ಹಿಂದಿನವರು ಬಂದು ಬೀಳುತ್ತಾರೆ. ಹಳೆಯ ಪುಣೆ ಹೆದ್ದಾರಿಯ ಭಾನುವಾರದ ಓಟಗಳಲ್ಲೂ ಇದನ್ನು ಕಾಣಬಹುದು.

ಫೋನಾಕ್‌ನ ತಪ್ಪು ಜೆರ್ಸಿ ಬಿಟ್ಟದ್ದಲ್ಲ, ಯಾರಿಗೆ ಬಿಟ್ಟಿತು ಎಂಬುದು. ಪೆರೇರೊ ಹಿಂದಿನ ಎರಡೂ ಟೂರ್‌ಗಳಲ್ಲಿ 10ನೇ ಸ್ಥಾನ ಪಡೆದವನು. 2005ರಲ್ಲಿ ಅದೇ ಫೋನಾಕ್‌ನಲ್ಲೇ ಇದ್ದ, ಅವನ ಶಕ್ತಿ ಅವರಿಗೆ ಗೊತ್ತಿಲ್ಲದ್ದೇನಲ್ಲ. ಪ್ಯಾರಿಸ್‌ನಲ್ಲಿ ಲ್ಯಾಂಡಿಸ್ 57 ಸೆಕೆಂಡಿನಿಂದ ಗೆದ್ದರೂ ಟೆಸ್ಟೊಸ್ಟೆರಾನ್ ಪರೀಕ್ಷೆಯಲ್ಲಿ ಸಿಕ್ಕಿಬಿದ್ದ. 2007ರಲ್ಲಿ ಪದವಿ ಪೆರೇರೊಗೆ ಹೋಯಿತು. ಫೋಗ್ಟ್ ಒಂದು ಹಂತ ಗೆಲ್ಲಲು ಎಳೆದ ಆ ಮಧ್ಯಾಹ್ನ ಇಡೀ ಟೂರ್‌ನ ಫಲಿತಾಂಶವನ್ನೇ ಬದಲಿಸಿತು.

ಅದೇ ವರ್ಷ ಮೇ ತಿಂಗಳಲ್ಲಿ ಜಿರೊ ಡಿ ಇಟಾಲಿಯಾದಲ್ಲಿ ಇದಕ್ಕೆ ತದ್ವಿರುದ್ಧ ಘಟನೆ. ಸಾನ್ ಪೆಲೆಗ್ರಿನೊ ಕಣಿವೆಯ ಏರಿನಲ್ಲಿ ಫೋಗ್ಟ್ ಮತ್ತು ಸ್ಪೇನಿನ ಹ್ವಾನ್ ಮ್ಯಾನುಯೆಲ್ ಗಾರಾತೆ ಇಬ್ಬರೇ ಉಳಿದರು. ತಂಡದ ನಾಯಕ ಇವಾನ್ ಬಾಸ್ಸೊ ಹಿಂದೆ ಗುಲಾಬಿ ಜೆರ್ಸಿಯಲ್ಲಿ (ಜಿರೊದಲ್ಲಿ ಮುಂದಿರುವವನದು) ಇದ್ದುದರಿಂದ ಫೋಗ್ಟ್ ಎಳೆಯದೆ ಕೂತಿದ್ದ, ಅದು ತಂಡದ ಕೆಲಸ. ಎಳೆಯದವನು ಗೆಲ್ಲುವುದು ಸರಿಯಲ್ಲ ಎಂದು ಗೆರೆಯಲ್ಲಿ ಸ್ಪರ್ಧಿಸದೆ ಗಾರಾತೆಗೆ ಬಿಟ್ಟುಕೊಟ್ಟ. ಇದನ್ನು ದೊಡ್ಡ ತ್ಯಾಗ ಎನ್ನುವುದಕ್ಕಿಂತ ದೂರದ ಲೆಕ್ಕ ಎನ್ನಬಹುದು. ವರ್ಷಪೂರ್ತಿ ಅದೇ 150 ಜನರೊಂದಿಗೆ ಓಡುವವನ ಜೊತೆ ಯಾರು ಎಳೆಯುತ್ತಾರೆ, ಯಾರು ಎಳೆಯುವುದಿಲ್ಲ ಎಂಬುದು ಇಂಥ ದಿನಗಳಿಂದ ತೀರ್ಮಾನವಾಗುತ್ತದೆ.

ಜೆರ್ಸಿ ಒಂದೇ ದಿನ

ಹಳದಿ ಜೆರ್ಸಿ ಎರಡು ಸಲ ಸಿಕ್ಕಿತು, ಎರಡು ಸಲವೂ ಒಂದೇ ದಿನಕ್ಕೆ. 2001ರ ಜುಲೈ 14, ಕೊಲ್ಮಾರ್. ಹಂತವನ್ನು ಲೊರಾಂ ಜಲಬೇರ್ ಗೆದ್ದ, ಎರಡನೆಯವನಾಗಿ ಬಂದ ಫೋಗ್ಟ್‌ಗೆ ಜೆರ್ಸಿ. ಮರುದಿನ ಪೊಂತಾರ್ಲಿಯೇಗೆ ಹೋಗುವ ಮಳೆಯ ಹಂತದಲ್ಲಿ 14 ಜನ ಓಡಿಹೋಗಿ ಗುಂಪಿಗಿಂತ ಸುಮಾರು 36 ನಿಮಿಷ ಮುಂಚೆ ತಲುಪಿದರು. ಆ 14ರಲ್ಲಿ ಫೋಗ್ಟ್‌ನ ತಂಡದ ಸ್ಟುವರ್ಟ್ ಓ’ಗ್ರೇಡಿಯೂ ಇದ್ದ, ಜೆರ್ಸಿ ಅವನಿಗೆ ಹೋಯಿತು. ಜೆರ್ಸಿ ತಂಡದೊಳಗೇ ಇದ್ದುದರಿಂದ ಬೆನ್ನಟ್ಟುವ ಮಾತೇ ಇಲ್ಲ. ಅದೇ ಟೂರ್‌ನ ಸಾರಾನ್ ಹಂತದಲ್ಲಿ ಬ್ರಾಡ್ ಮೆಗೀಯನ್ನು ಸೋಲಿಸಿ ಮೊದಲ ಟೂರ್ ಹಂತ ಗೆದ್ದ.

2005ರದು ಕಹಿ. ಮುಲೂಸ್‌ನಲ್ಲಿ ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್‌ನಿಂದ ಜೆರ್ಸಿ ಬಂತು, ಮುಂದಿನ ಹಂತದಲ್ಲೇ ಕೂರ್ಶೆವೆಲ್ ಏರಿನಲ್ಲಿ ಹೋಯಿತು. ಅದರ ಮರುದಿನ ಬ್ರಿಯಾಂಸೋಂಗೆ ಸಮಯ ಮೀರಿ ತಲುಪಿ ರೇಸಿನಿಂದಲೇ ಹೊರಬಿದ್ದ. ಟೂರ್‌ನಲ್ಲಿ ಗೆದ್ದವನ ಸಮಯದ ಮೇಲೆ ಇಂತಿಷ್ಟು ಶೇಕಡಾ ಗಡುವು ಇರುತ್ತದೆ. ಹಂತ ಎಷ್ಟು ಕಠಿಣ, ಗೆದ್ದವನ ಸರಾಸರಿ ವೇಗ ಎಷ್ಟು ಎಂಬುದರ ಮೇಲೆ ಅದು ಏರಿಳಿಯುತ್ತದೆ. ಗೆದ್ದವನು 5 ಗಂಟೆ ತೆಗೆದುಕೊಂಡು ಗಡುವು ಶೇ. 12 ಇದ್ದರೆ ಉಳಿದವರಿಗೆ 36 ನಿಮಿಷ. ಆದ್ದರಿಂದ ಹಿಂದೆ ಬಿದ್ದವರೆಲ್ಲ ಒಂದು ದೊಡ್ಡ ಗುಂಪು ಕಟ್ಟಿಕೊಂಡು, ಏರಿನಲ್ಲಿ ತಾಳ್ಮೆಯಿಂದ, ಕಣಿವೆಯಲ್ಲಿ ಜೋರಾಗಿ ಹೋಗಿ ಗಡುವಿನೊಳಗೆ ಸೇರುತ್ತಾರೆ. ಆ ಗುಂಪು ತಪ್ಪಿಸಿಕೊಂಡವನಿಗೆ ಕಣಿವೆಯ ಗಾಳಿ ಒಬ್ಬನಿಗೇ.

ತಂಡಕ್ಕಾಗಿ ಎಳೆದ ದಿನಗಳು ಗೆದ್ದ ದಿನಗಳಿಗಿಂತ ಬಹಳ ಹೆಚ್ಚು. 2004ರಲ್ಲಿ ವಿಲ್ಲಾರ್-ದ-ಲಾನ್ಸ್ ಹಂತದಲ್ಲಿ ಉಲ್ರಿಚ್ ದಾಳಿಗಿಳಿದಾಗ, ಮುಂದೆ ಓಡಿಹೋಗಿದ್ದ ಫೋಗ್ಟ್‌ನನ್ನು ತಂಡ ಹಿಂದಕ್ಕೆ ಕರೆಸಿ ಬಾಸ್ಸೊಗಾಗಿ ಬೆನ್ನಟ್ಟಿಸಿತು. ಜರ್ಮನ್ನನೇ ಜರ್ಮನ್ನನನ್ನು ಹಿಡಿದ ಎಂದು ಮರುದಿನ ಆಲ್ಪ್ ದ್ಯುಯೆಜ್‌ನಲ್ಲಿ ಅವನ ದೇಶದ ಅಭಿಮಾನಿಗಳೇ ಕೂಗಾಡಿದರು. 2008ರಲ್ಲಿ ಒತಾಕಾಂ ಹಂತದ ದಿನ ತೂರ್ಮಲೆ ಏರಿನಲ್ಲಿ ಅವನೂ ಫಾಬಿಯನ್ ಕಾಂಚೆಲ್ಲಾರನೂ ಎಳೆದ ವೇಗಕ್ಕೆ ಸ್ಪೇನಿನ ವಾಲ್ವೆರ್ದೆಯಂಥ ಬಲಶಾಲಿಯೇ ಕಳಚಿಬಿದ್ದ. ಆ ಟೂರ್ ಗೆದ್ದದ್ದು ಅವರ ತಂಡದ ಕಾರ್ಲೋಸ್ ಸಾಸ್ತ್ರೆ.

ಅವನದೇ ದೊಡ್ಡ ಗೆಲುವುಗಳೆಂದರೆ ಕ್ರಿತೇರಿಯಂ ಇಂಟರ್‌ನ್ಯಾಷನಲ್ ಐದು ಸಲ (1999, 2004, 2007, 2008, 2009), ಡಾಯ್ಚ್‌ಲ್ಯಾಂಡ್ ಟೂರ್ 2006 ಮತ್ತು 2007, ಪೋಲೆಂಡ್ ಟೂರ್ 2008, ಅದೇ ವರ್ಷ ಜಿರೊದಲ್ಲಿ ವರೇಸೆ ಹಂತ. 2005ರ ಲಿಯೇಜ್–ಬಾಸ್ತೋನ್–ಲಿಯೇಜ್‌ನಲ್ಲಿ ವಿನೊಕುರೊವ್ ಹಿಂದೆ ಎರಡನೆಯವ. ಕ್ರಿತೇರಿಯಂ ಅವನಿಗೇ ಹೊಲಿದಂತಿತ್ತು: ಎರಡೇ ದಿನ, ಒಂದು ರಸ್ತೆ ಹಂತ, ಒಂದು ಗುಡ್ಡದ ಹಂತ, ಕೊನೆಗೆ ಒಬ್ಬೊಬ್ಬರೇ ಗಡಿಯಾರದ ವಿರುದ್ಧ ಓಡುವ ಚಿಕ್ಕ ಟೈಮ್ ಟ್ರಯಲ್. ಯಾವುದರಲ್ಲೂ ಶಿಖರವಲ್ಲದ, ಎಲ್ಲದರಲ್ಲೂ ಮೇಲಿರುವವನು ಇಲ್ಲಿ ಗೆಲ್ಲುತ್ತಾನೆ.

ಉದ್ದೀಪನ ಮದ್ದಿನ ಮಾತು ಬಿಟ್ಟು ಈ ಕಾಲದ ಬಗ್ಗೆ ಬರೆಯುವುದು ಪ್ರಾಮಾಣಿಕವಲ್ಲ. ಸಿಎಸ್‌ಸಿ ನಡೆಸುತ್ತಿದ್ದ ಬ್ಯಾರ್ನ ರೀಸ್ ತಾನು ಸವಾರನಾಗಿದ್ದಾಗ ಇಪಿಒ (ರಕ್ತದ ಕೆಂಪು ಕಣ ಹೆಚ್ಚಿಸುವ ಮದ್ದು) ಬಳಸಿದ್ದೆ ಎಂದು 2007ರಲ್ಲಿ ಒಪ್ಪಿಕೊಂಡ. ಓ’ಗ್ರೇಡಿ ತನ್ನ ಇಪಿಒ ಬಳಕೆಯನ್ನು 2013ರಲ್ಲಿ ಒಪ್ಪಿಕೊಂಡ. ಬಾಸ್ಸೊ ನಿಷೇಧ ಅನುಭವಿಸಿದ. ಫೋಗ್ಟ್ ಯಾವ ಪರೀಕ್ಷೆಯಲ್ಲೂ ಸಿಕ್ಕಿಬಿದ್ದವನಲ್ಲ, ತಾನು ಮುಟ್ಟಿಲ್ಲ ಎಂದೇ ಹೇಳುತ್ತ ಬಂದಿದ್ದಾನೆ. ಆ ಕಾಲದ ಏರುಗಳ ಸಮಯವನ್ನು ನಮ್ಮ ಅಳತೆಗೋಲಾಗಿ ಇಟ್ಟುಕೊಳ್ಳಬೇಡಿ ಎನ್ನುವಷ್ಟೇ ನನ್ನ ಸಲಹೆ. ಲೆಕ್ಕ, ಸಾಲು, ಸಮಯಪ್ರಜ್ಞೆ ಇವಕ್ಕೆ ಆ ಅನುಮಾನ ತಾಗುವುದಿಲ್ಲ.

ಇಳಿಜಾರು ಮತ್ತು ಟೈರು

2009ರಲ್ಲಿ ಪೆತಿ ಸಾಂ ಬರ್ನಾರ್ ಇಳಿಜಾರಿನಲ್ಲಿ ಮುಖ ಅಡಿಯಾಗಿ ಬಿದ್ದ. ಕೆನ್ನೆಯ ಮೂಳೆ ಮುರಿಯಿತು, ತಲೆಗೆ ಪೆಟ್ಟು. 2010ರಲ್ಲಿ ಪೇರ್ಸೂರ್ದ್ ಇಳಿಯುವಾಗ ಮುಂದಿನ ಟೈರು ಸಿಡಿದು ಮತ್ತೆ ಬಿದ್ದ. ತಂಡದ ಕಾರುಗಳು ಮುಂದೆ ಹೋಗಿಬಿಟ್ಟಿದ್ದವು. ಕೊನೆಗೆ ಸಿಕ್ಕಿದ್ದು ಮಕ್ಕಳಿಗೆಂದು ಇಟ್ಟಿದ್ದ ಹಳದಿ ಬಣ್ಣದ ಪುಟ್ಟ ಸೈಕಲ್. ಪೆಡಲಿಗೆ ಪಟ್ಟಿ ಕಟ್ಟುವ ಹಳೆಯ ಬಗೆ, ಅವನ ಶೂ ಅಡಿಯ ಕ್ಲೀಟ್ (ಪೆಡಲಿಗೆ ಸಿಕ್ಕಿಸುವ ತುಂಡು) ಅದಕ್ಕೆ ಕೂರುವುದಿಲ್ಲ. ಮೊಣಕಾಲು ಎದೆಗೆ ತಾಗುವಂತೆ ತುಳಿದುಕೊಂಡು ಹೋಗಿ, ಮುಂದೆ ತಂಡ ಪೊಲೀಸರ ಬಳಿ ಬಿಟ್ಟುಹೋಗಿದ್ದ ಸೈಕಲ್ ಹಿಡಿದು, ಗಡುವಿನೊಳಗೆ ಹಂತ ಮುಗಿಯುವ ಪೋ ಪಟ್ಟಣ ತಲುಪಿದ.

ಖಂಡಾಲಾದಿಂದ ಖೋಪೋಲಿಗೆ ಇಳಿಯುವವರಿಗೆ ಟೈರು ಏಕೆ ಸಿಡಿಯುತ್ತದೆ ಎಂದು ತಿಳಿದಿರಬೇಕು. ರಿಮ್ ಬ್ರೇಕ್ ಸತತ ಹಿಡಿದರೆ ರಿಮ್ ಕಾಯುತ್ತದೆ, ಒಳಗಿನ ಗಾಳಿಯೂ ಕಾಯುತ್ತದೆ. 20 ಡಿಗ್ರಿಯಲ್ಲಿ 85 ಪಿಎಸ್‌ಐ ತುಂಬಿದ ಟ್ಯೂಬು 60 ಡಿಗ್ರಿಗೆ ಏರಿದರೆ ಒತ್ತಡ 98ರ ಹತ್ತಿರ ಹೋಗುತ್ತದೆ. ಒಳ್ಳೆಯ ಟೈರು ಅದನ್ನು ತಡೆದುಕೊಳ್ಳುತ್ತದೆ. ಸಿಡಿಯುವುದು ಬೇರೆ ಯಾವುದೋ ದೋಷ ಮೊದಲೇ ಇದ್ದಾಗ: ಟೈರಿನ ಅಂಚಿನಡಿ ಸಿಕ್ಕಿಕೊಂಡ ಟ್ಯೂಬು, ಸವೆದ ಪಕ್ಕದ ಗೋಡೆ, ಸರಿದುಹೋದ ರಿಮ್ ಟೇಪು. ಟ್ಯೂಬು ಹಾಕಿದ ಮೇಲೆ 20 ಪಿಎಸ್‌ಐ ತುಂಬಿ, ಚಕ್ರವನ್ನು ಸುತ್ತಲೂ ತಿರುಗಿಸಿ ಎರಡೂ ಕಡೆ ಅಂಚಿನ ಗೆರೆ ಸಮನಾಗಿ ಕೂತಿದೆಯೇ ನೋಡಿ ಪೂರ್ತಿ ತುಂಬಿ. 70 ಕೆ.ಜಿ. ತೂಕದವರಿಗೆ 25 ಎಂಎಂ ಟೈರಿನಲ್ಲಿ 80–85, 28 ಎಂಎಂನಲ್ಲಿ 65–75 ಸಾಕು. ಬ್ರೇಕನ್ನು ತಿರುವಿನ ಮೊದಲೇ ಗಟ್ಟಿಯಾಗಿ ಹಿಡಿದು ಪೂರ್ತಿ ಬಿಡಿ. ತಿರುವಿನುದ್ದಕ್ಕೂ ಎಳೆಯುತ್ತ ಕೂರಬೇಡಿ. ಮುಂದಿನ ಟೈರು ಹೋದರೆ ಮುಂದಿನ ಬ್ರೇಕು ಮುಟ್ಟದೆ, ತೂಕ ಹಿಂದಕ್ಕೆ ಹಾಕಿ, ಹಿಂದಿನ ಬ್ರೇಕಿನಲ್ಲಿ ನೇರವಾಗಿ ನಿಲ್ಲಿಸಿ. ಟೈರಿನಲ್ಲಿ ಸೀಳಿದ್ದರೆ ಒಳಗಿಡಲು ಹಳೆಯ ಟೈರಿನ ಎರಡು ಇಂಚಿನ ತುಂಡು ಜೇಬಿನಲ್ಲಿರಲಿ. ಬರೀ ಟ್ಯೂಬು ಬದಲಿಸಿದರೆ ಅದೇ ಸೀಳಿನಲ್ಲಿ ಮತ್ತೆ ಉಬ್ಬಿ ಸಿಡಿಯುತ್ತದೆ.

ತಿನ್ನುವುದರ ಬಗ್ಗೆ ಚಿಕ್ಕದಾಗಿ: ಗಂಟೆಗೆ 60ರಿಂದ 90 ಗ್ರಾಂ ಕಾರ್ಬೊಹೈಡ್ರೇಟ್, 500ರಿಂದ 750 ಮಿ.ಲೀ. ನೀರು. ಪನ್ವೇಲ್ ಕಡೆಯ ಸೆಕೆಗೆ ಅದೂ ಸಾಲದು. ಮಧ್ಯಮ ಬಾಳೆಹಣ್ಣಿನಲ್ಲಿ ಸುಮಾರು 25 ಗ್ರಾಂ. ಲೋಣಾವಳಾ ಚಿಕ್ಕಿ ರುಚಿಯೇ ಸರಿ, ಆದರೆ ಶೇಂಗಾದ ಎಣ್ಣೆ ಹೊಟ್ಟೆಯಲ್ಲಿ ನಿಧಾನ, ಓಟ ಮುಗಿದ ಮೇಲೆ ಕೊಳ್ಳಿ. ಒಆರ್‌ಎಸ್ ಪುಡಿಯನ್ನು ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಹಾಕಿ. ಗಟ್ಟಿ ಮಾಡಿ ಕುಡಿದರೆ ಹೊಟ್ಟೆ ಕೆಡುತ್ತದೆ.

ಒಂದು ಗಂಟೆ

“ಕಾಲುಗಳೇ, ಬಾಯಿ ಮುಚ್ಚಿ” ಎಂಬ ಅವನ ಮಾತು ಟೀಶರ್ಟಿನ ಮೇಲೆಲ್ಲ ಬಂತು. ಆದರೆ 2014ರ ಸೆಪ್ಟೆಂಬರ್ 18ರಂದು, 43 ತುಂಬಿದ ಮರುದಿನ, ಸ್ವಿಟ್ಜರ್ಲೆಂಡಿನ ಗ್ರೆಂಖೆನ್ ವೆಲೊಡ್ರೋಮಿನಲ್ಲಿ (ಸೈಕಲ್ ಓಟದ ಟ್ರ್ಯಾಕ್) ಅವನು ಮಾಡಿದ್ದು ಹಟಕ್ಕಿಂತ ಹೆಚ್ಚಾಗಿ ಅಂಕಗಣಿತ. ಗಂಟೆಯ ದಾಖಲೆ: ಒಂದು ಗಂಟೆಯಲ್ಲಿ ಎಷ್ಟು ದೂರ. 1972ರಲ್ಲಿ ಬೆಲ್ಜಿಯಂನ ಎಡ್ಡಿ ಮೆರ್ಕ್ಸ್ ಮೆಕ್ಸಿಕೊ ಸಿಟಿಯಲ್ಲಿ 49.431 ಕಿ.ಮೀ. ಹೋಗಿದ್ದ. ಆಮೇಲೆ ವಿಚಿತ್ರ ಸೈಕಲ್‌ಗಳ ಕಾಲ ಬಂತು, ಅಂತರರಾಷ್ಟ್ರೀಯ ಸೈಕ್ಲಿಂಗ್ ಸಂಸ್ಥೆ ಯುಸಿಐ ಅವನ್ನು ಬೇರೆ ಪಟ್ಟಿಗೆ ಹಾಕಿ ಮೆರ್ಕ್ಸ್ ಕಾಲದ ಬಗೆಯ ಸೈಕಲ್ಲೇ ಬೇಕು ಎಂದಿತು. 2005ರಲ್ಲಿ ಒಂದ್ರೇಯ್ ಸೊಸೆಂಕಾ 49.700 ಮಾಡಿದ ಮೇಲೆ ಯಾರಿಗೂ ಆಸಕ್ತಿ ಉಳಿಯಲಿಲ್ಲ. 2014ರ ಮೇ ತಿಂಗಳಲ್ಲಿ ನಿಯಮ ಸಡಿಲಿಸಿ ಇಂದಿನ ಟ್ರ್ಯಾಕ್ ಸೈಕಲ್‌ಗೆ ಅನುಮತಿ ಕೊಟ್ಟರು. ಮೊದಲು ಕೈಹಾಕಿದವನು ಫೋಗ್ಟ್. ಫಲಿತಾಂಶ 51.110 ಕಿ.ಮೀ.

250 ಮೀಟರ್‌ನ ಟ್ರ್ಯಾಕಿನಲ್ಲಿ ಅದು 204 ಸುತ್ತು ದಾಟುತ್ತದೆ, ಒಂದು ಸುತ್ತಿಗೆ ಸರಾಸರಿ 17.6 ಸೆಕೆಂಡ್. ಹಳೆಯ ದಾಖಲೆಗಿಂತ ವೇಗ ಶೇ. 2.8ರಷ್ಟೇ ಹೆಚ್ಚು. ಆದರೆ ಗಾಳಿಯ ವಿರುದ್ಧ ಬೇಕಾಗುವ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುವುದರಿಂದ, ಮೈಯ ಭಂಗಿ ಬದಲಾಗದಿದ್ದರೆ ಸುಮಾರು ಶೇ. 9 ಹೆಚ್ಚು ಶಕ್ತಿ ಬೇಕು. ಹೊಸ ಸೈಕಲ್ಲಿನ ಏರೋ ಹಿಡಿಗಳು ಆ ಭಂಗಿಯನ್ನು ಬದಲಿಸಿದವು, ಉಳಿದದ್ದು ಕಾಲು. ಗೇರು ಒಂದೇ, ಬ್ರೇಕಿಲ್ಲ, ಪೆಡಲು ನಿಲ್ಲಿಸುವಂತಿಲ್ಲ. ಉದಾಹರಣೆಗೆ 55×14 (ಮುಂದೆ 55, ಹಿಂದೆ 14 ಹಲ್ಲು) ಹಾಕಿದರೆ ಒಂದು ತುಳಿತಕ್ಕೆ ಸುಮಾರು 8.2 ಮೀಟರ್, ಆ ವೇಗಕ್ಕೆ ನಿಮಿಷಕ್ಕೆ 104 ತುಳಿತ. ಭಾರದ ಗೇರಾದ್ದರಿಂದ ಹೊರಡುವಾಗ ಮೊದಲ ಸುತ್ತು ಎದ್ದು ನಿಂತು ತಳ್ಳಬೇಕು. ಒಂದೇ ಭಂಗಿಯಲ್ಲಿ ಕೂತು ಸೀಟಿನ ನೋವು ತಡೆಯಲಾಗದೆ ಫೋಗ್ಟ್ ನಡುವೆಯೂ ಎದ್ದು ತುಳಿದ. ಎದ್ದ ಪ್ರತಿ ಸಲ ಗಾಳಿಗೆ ಮೈ ಒಡ್ಡಿದಂತೆ, ಸುತ್ತಿನ ಸಮಯ ಜಾರುತ್ತದೆ.

ಆರು ವಾರದಲ್ಲಿ ಆಸ್ಟ್ರಿಯಾದ ಮಥಿಯಾಸ್ ಬ್ರ್ಯಾಂಡ್ಲೆ 51.852 ಮಾಡಿ ಅದನ್ನು ಮುರಿದ. 2015ರಲ್ಲಿ ಬ್ರಾಡ್ಲಿ ವಿಗಿನ್ಸ್ 54.526. 2022ರ ಅಕ್ಟೋಬರ್ 8ರಂದು ಅದೇ ಗ್ರೆಂಖೆನ್‌ನಲ್ಲಿ ಫಿಲಿಪ್ಪೊ ಗಾನ್ನಾ 56.792, ಸುತ್ತಿಗೆ 15.85 ಸೆಕೆಂಡ್.

ಪುಣೆಯಲ್ಲಿ ಗಂಟೆಯ ಪ್ರಯತ್ನ ಮಾಡಬೇಕೆನ್ನುವವರಿಗೆ ಬಾಲೇವಾಡಿಯ ಕ್ರೀಡಾನಗರಿಯಲ್ಲಿ ವೆಲೊಡ್ರೋಮ್ ಇದೆ, ಅನುಮತಿ ಕೇಳಿಕೊಂಡು ಹೋಗಿ. ಸಿಗದಿದ್ದರೆ ಮನೆಯ ಟ್ರೇನರ್ ಸಾಕು, ಟ್ರಾಫಿಕ್ ಇರುವ ರಸ್ತೆ ಬೇಡ. ಮುಂಬೈಗಿಂತ ಪುಣೆಯಲ್ಲಿ ಒಂದು ಸಣ್ಣ ಲಾಭವೂ ಉಂಟು: 560 ಮೀಟರ್ ಎತ್ತರದಲ್ಲಿ ಗಾಳಿ ಸುಮಾರು ಶೇ. 6 ತೆಳು, ಅದೇ ತಾಕತ್ತಿಗೆ ಮುಂಬೈಯಲ್ಲಿ 40 ಬಂದರೆ ಇಲ್ಲಿ 40.8ರ ಹತ್ತಿರ. ಸುತ್ತಿನ ಗುರಿ ಸಮಯಕ್ಕೆ, ಟ್ರ್ಯಾಕಿನ ಉದ್ದವನ್ನು ಮೀಟರಿನಲ್ಲಿ 3.6ರಿಂದ ಗುಣಿಸಿ, ಬೇಕಾದ ವೇಗದಿಂದ ಭಾಗಿಸಿ. 250 ಮೀಟರ್, 38 ಕಿ.ಮೀ. ಎಂದರೆ 23.7 ಸೆಕೆಂಡ್. ಪಕ್ಕದಲ್ಲಿ ನಿಂತವರು ವೇಗ ಕೂಗಬಾರದು, ಸುತ್ತಿನ ಸಮಯವನ್ನೇ ಕೂಗಬೇಕು. ಮೊದಲ ಹತ್ತು ನಿಮಿಷ ಗುರಿಗಿಂತ ಅರ್ಧ ಸೆಕೆಂಡ್ ನಿಧಾನವಿರಲಿ. ಬಯಲು ಟ್ರ್ಯಾಕಾದರೆ ಗಾಳಿ ಏಳುವ ಮೊದಲು, ಬೆಳಿಗ್ಗೆ ಏಳರೊಳಗೆ ಮುಗಿಸಿ.